ವಕೀಲನ ಮೊದಲ ಪಾಠ

ನಾನು ಕನ್ನಡ ಕಲಿಸಿ ನಿವೃತ್ತನಾದವನು. ಕಾನೂನು ನನ್ನ ವಿಷಯವಲ್ಲ. ಆದರೆ ನನ್ನ ತರಗತಿಯಲ್ಲಿ ಮುಧೋಳದ ರನ್ನನನ್ನು ಓದಿದ ಹುಡುಗರಲ್ಲಿ ಹಲವರು ಮುಂದೆ ಕರಿಕೋಟು ತೊಟ್ಟರು. ಕಾನೂನು ಕಾಲೇಜಿನಲ್ಲಿ ಅವರು ಪಡೆದುದರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಉಳಿದುದೆಷ್ಟು ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ.

ನಮ್ಮ ಭಾಗದವರಿಗೆ ವಕೀಲಿ ಓದು ಬಹುಕಾಲ ಪರಸ್ಥಳದ ಓದಾಗಿತ್ತು. ಬೆಳಗಾವಿಯಲ್ಲಿ ರಾಜಾ ಲಖಮಗೌಡ ಕಾನೂನು ಕಾಲೇಜು ಆರಂಭವಾದುದೇ 1939ರಲ್ಲಿ. ಜಮಖಂಡಿ ಸೀಮೆಯ ಸಾವಳಗಿಯ ಬಿ. ಡಿ. ಜತ್ತಿಯವರು ಕೊಲ್ಲಾಪುರದ ಸೈಕ್ಸ್ ಲಾ ಕಾಲೇಜಿನಲ್ಲಿ ಓದಿ ಬಂದು ಜಮಖಂಡಿಯಲ್ಲಿ ವಕೀಲಿ ಹೂಡಿದರು. 1948ರಲ್ಲಿ ಸಂಸ್ಥಾನ ವಿಲೀನವಾದಾಗ ಅಲ್ಲಿಯ ದಿವಾನರಾಗಿದ್ದ ಅವರು ಮತ್ತೆ ಕೋರ್ಟಿಗೇ ಹಿಂದಿರುಗಿದರು. 1961ರ ಮೈಸೂರು ಭೂಸುಧಾರಣಾ ಕಾಯ್ದೆಗೆ ದಾರಿ ಮಾಡಿಕೊಟ್ಟ ಸಮಿತಿಗೆ ಅವರೇ ಅಧ್ಯಕ್ಷರು. ಭೂಮಿಯ ಈ ಅರಿವನ್ನು ಕೊಟ್ಟವರು ಕೊಲ್ಲಾಪುರದ ಗುರುಗಳೋ ಜಮಖಂಡಿಯ ಕಕ್ಷಿಗಾರರೋ ಹೇಳುವುದು ಕಷ್ಟ. ನನ್ನ ಒಲವು ಎರಡನೆಯವರ ಕಡೆಗೆ.

ಈ ಒಲವಿಗೆ ಕಾರಣನಾದವನು ಬಾಡಗಂಡಿಯ ಒಕ್ಕಲುತನದ ಮನೆಯ ನನ್ನೊಬ್ಬ ವಿದ್ಯಾರ್ಥಿ. 1990ರ ದಶಕದಲ್ಲಿ ಬಿ.ಎ. ಮುಗಿಸಿ ಕಾನೂನಿಗೆ ಸೇರಿದ. ಮೊದಲ ವರ್ಷ ರಜೆಗೆ ಬಂದಾಗ ಅವನ ಮುಖ ಬಾಡಿತ್ತು. ಪುಸ್ತಕಗಳೆಲ್ಲ ಇಂಗ್ಲಿಷಿನವು, ಅಣಕು ನ್ಯಾಯಾಲಯದಲ್ಲಿ ಬಾಯಿ ಬಿಡಲು ಅಂಜಿಕೆ. ಆಗಿನ್ನೂ ಪ್ರಾಯೋಗಿಕ ಶಿಕ್ಷಣ ಇಂದಿನಷ್ಟು ಕಡ್ಡಾಯವಾಗಿರಲಿಲ್ಲ. ಎಲ್ಲವೂ ಅಧ್ಯಾಪಕರ ಉತ್ಸಾಹವನ್ನು ಅವಲಂಬಿಸಿತ್ತು. ಪುಣ್ಯಕ್ಕೆ ಅಂಥ ಒಬ್ಬರು ಅವನಿಗೆ ಸಿಕ್ಕರು. ವಿದ್ಯಾರ್ಥಿಗಳನ್ನು ಬೀಳಗಿ ತಾಲೂಕಿನ ಒಂದು ಮುಳುಗಡೆ ಹಳ್ಳಿಗೆ ಕರೆದೊಯ್ದು, ಜನರ ಅರ್ಜಿ ಬರೆದುಕೊಡಲು ಕೂರಿಸಿದರು.

ಆಲಮಟ್ಟಿಯ ಹಿನ್ನೀರಿಗಾಗಿ ಕೃಷ್ಣೆಯ ದಡದ ಎರೆಭೂಮಿಯನ್ನು ಸರಕಾರ ಸ್ವಾಧೀನಪಡಿಸಿಕೊಳ್ಳುತ್ತಿದ್ದ ಕಾಲವದು. ಒಬ್ಬ ಮುದುಕಿ ಕಾಗದಗಳ ಗಂಟು ಬಿಚ್ಚಿ ಅವನ ಮುಂದಿಟ್ಟಳು. ಪರಿಹಾರದ ಹಣ ಪಡೆದಿದ್ದಳು, ಹೆಬ್ಬೆಟ್ಟು ಒತ್ತಿದ್ದಳು. ದರ ಕಡಿಮೆಯಾಯಿತು, ಹೆಚ್ಚಿಗೆ ಕೇಳಬಹುದೇ ಎಂಬುದು ಅವಳ ಪ್ರಶ್ನೆ. 1894ರ ಭೂಸ್ವಾಧೀನ ಕಾಯ್ದೆಯ 18ನೆಯ ಕಲಮಿನ ಪ್ರಕಾರ ಕೇಳಬಹುದಿತ್ತು. ಆದರೆ ಹಣವನ್ನು ‘ಆಕ್ಷೇಪಣೆಯೊಡನೆ ಸ್ವೀಕರಿಸಿದ್ದೇನೆ’ ಎಂದು ಬರೆದು ಪಡೆದಿರಬೇಕು. ಅವಧಿಯೊಳಗೆ ಅರ್ಜಿಯನ್ನೂ ಕೊಟ್ಟಿರಬೇಕು. ಅವಳು ಎರಡನ್ನೂ ಮಾಡಿರಲಿಲ್ಲ. “ಒತ್ತು ಅಂದ್ರು, ಒತ್ತಿದೆ” ಎಂದಳಂತೆ. ಆ ಎರಡು ಶಬ್ದ ಯಾರೂ ಹೇಳಿಕೊಡದೆ ಒಂದು ಮನೆತನದ ಹೊಲದ ಬೆಲೆ ಹೋಗಿತ್ತು.

“ಸರ, ಕಲಂ ಬಾಯಿಪಾಠ ಇತ್ತು. ಆಯಿ ಕೈಯಾಗಿನ ಕಾಗದ ನೋಡಿದ ಮ್ಯಾಲೆ ಅದು ಏನಂತ ತಿಳೀತು” ಎಂದು ಅವನು ನನಗೆ ಹೇಳಿದ. ಅವಳ ಹೊಲದ ಸರ್ವೆ ನಂಬರನ್ನೂ ಅಧಿಸೂಚನೆಯ ತಾರೀಖನ್ನೂ ನೋಟ್‌ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದ.

ಆ ಬರಹ ಮುಂದೆ ಕೆಲಸಕ್ಕೆ ಬಂತು. ಅದೇ ಕಾಯ್ದೆಗೆ 1984ರ ತಿದ್ದುಪಡಿಯಲ್ಲಿ 28-ಎ ಎಂಬ ಕಲಂ ಸೇರಿತ್ತು. ಒಂದೇ ಅಧಿಸೂಚನೆಯಲ್ಲಿ ಭೂಮಿ ಕಳೆದುಕೊಂಡವರ ಪೈಕಿ ಒಬ್ಬನಿಗೆ ನ್ಯಾಯಾಲಯ ದರ ಹೆಚ್ಚಿಸಿದರೆ, 18ನೆಯ ಕಲಮಿನ ಅರ್ಜಿ ಕೊಡದಿದ್ದ ಉಳಿದವರೂ ಮೂರು ತಿಂಗಳೊಳಗೆ ಅದೇ ಲಾಭವನ್ನು ಕೇಳಬಹುದು. ಬಡವರ ಅಜ್ಞಾನವನ್ನು ಕಂಡು ಮರುಗಿದ ಕಾನೂನು ಇದು. ಆದರೆ ನೆರೆಯವನು ಗೆದ್ದ ದಿನವನ್ನು ಆ ಬಡವರಿಗೆ ತಿಳಿಸುವವರು ಯಾರು? ಸನದು ಪಡೆದು ಹಿರಿಯ ವಕೀಲರ ಕೈಕೆಳಗೆ ಸೇರಿದ ನನ್ನ ಹುಡುಗ, ಆ ಅಧಿಸೂಚನೆಯ ಪ್ರಕರಣಗಳ ತೀರ್ಪನ್ನು ತಾನೇ ಕಾದ. ಒಂದು ತೀರ್ಪು ಬಂತು. ಊರು ಆಗಲೇ ಮುಳುಗಿತ್ತು, ಜನ ಚದುರಿದ್ದರು. ಪುನರ್ವಸತಿ ಕೇಂದ್ರಗಳಲ್ಲಿ ವಿಚಾರಿಸುತ್ತ ಹೋಗಿ ಮುದುಕಿಯನ್ನು ಪತ್ತೆ ಮಾಡಿದ. ಅವಧಿಗೆ ಒಂಬತ್ತು ದಿನ ಉಳಿದಿರುವಾಗ ಅರ್ಜಿ ಸಲ್ಲಿಸಿದ. ಹೆಚ್ಚಿನ ಹಣ ಬರಲು ವರ್ಷಗಳೇ ಹಿಡಿದವು, ಅದು ಬೇರೆ ಮಾತು. ಬಂದಾಗ ಅವಳು ಬದುಕಿದ್ದಳು.

ಅವನಿಗಿಂತ ಹೆಚ್ಚು ಅಂಕ ಪಡೆದವರೂ, ಅಣಕು ನ್ಯಾಯಾಲಯದಲ್ಲಿ ಬಹುಮಾನ ಗಳಿಸಿದವರೂ ಅವನ ತರಗತಿಯಲ್ಲಿದ್ದರು. ಅವರನ್ನು ನಾನು ಹಗುರಾಗಿ ಕಾಣುವುದಿಲ್ಲ. ವಾದ ಮಂಡಿಸುವ ಕಲೆಯೂ ಬೇಕು. ಆದರೆ ಅಲ್ಲಿ ಕಕ್ಷಿಗಾರನೂ ಕಾಗದದವನೇ. ಅವನು ಅಳುವುದಿಲ್ಲ, ಕಾಗದಗಳ ಗಂಟು ಬಿಚ್ಚುವುದಿಲ್ಲ.

2014ರ ಜನವರಿ 1ರಿಂದ ಹೊಸ ಭೂಸ್ವಾಧೀನ ಕಾಯ್ದೆ ಜಾರಿಗೆ ಬಂತು. ಆಕ್ಷೇಪಣೆಯ ಆ ಷರತ್ತು ಅದರಲ್ಲೂ ಉಳಿದಿದೆ. ಈಚೆಗೆ ಅವನ ಕಚೇರಿಗೆ ಹೋಗಿದ್ದೆ. ಆಗಷ್ಟೇ ಕಾಲೇಜು ಮುಗಿಸಿ ಬಂದ ಕಿರಿಯ ವಕೀಲೆಯೊಬ್ಬಳು ದಪ್ಪ ಪುಸ್ತಕ ತೆರೆದು ಕುಳಿತಿದ್ದಳು. ಎದುರಿಗೆ ಒಬ್ಬ ರೈತ ನಿಂತೇ ಇದ್ದ. ಇವನು ಒಳಗಿನಿಂದ ಕೂಗಿ ಹೇಳಿದ: “ತಂಗಿ, ಬುಕ್ ಆಮ್ಯಾಲೆ ನೋಡು. ಮೊದಲ ಅಜ್ಜಗ ಕುಂಡ್ರಾಕ ಹೇಳು, ರೊಕ್ಕ ತಗೊಳ್ಳುವಾಗ ಏನಂತ ಬರೆದು ಹೆಬ್ಬಟ್ಟ ಒತ್ಯಾರ ಕೇಳು.”