ಊರ ಬಯಲೂ ಊರ ನೆನಪೂ
(ನಗರಸಭೆಯ ಉದ್ಯಾನ ಹಾಗು ಸ್ಮಾರಕ ಸಮಿತಿಯು ಕರೆದ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ನಗರಸಭೆಯು ಊರಿನ ಉದ್ಯಾನ, ಆಟದ ಬಯಲು ಹಾಗು ಸ್ಮಾರಕಗಳ ಯೋಜನೆಯನ್ನು ಸಿದ್ಧಪಡಿಸುವದಕ್ಕಾಗಿ ಒಂದು ಸಮಿತಿಯನ್ನು ನೇಮಿಸಿದೆ. ಆ ಸಮಿತಿಯು ತನ್ನ ನಿರ್ಣಯವನ್ನು ಬರೆದಿಡುವ ಮೊದಲು ನಾಗರಿಕರ ಅಭಿಪ್ರಾಯವನ್ನು ಕೇಳಬೇಕೆಂದು ಈ ಸಭೆಯನ್ನು ಕರೆದಿರುವದು ಸಂತೋಷದ ಸಂಗತಿ. ನಮಗೆ ಎರಡು ಮಾತುಗಳನ್ನಾಡಲು ಅವಕಾಶ ಕೊಟ್ಟದ್ದಕ್ಕೆ ಉಪಕೃತರಾಗಿದ್ದೇವೆ. ನಾವು ಶಿಲ್ಪಶಾಸ್ತ್ರವನ್ನು ಬಲ್ಲವರಲ್ಲ. ತೋಟಗಾರಿಕೆಯನ್ನು ಓದಿದವರೂ ಅಲ್ಲ. ಪತ್ರಿಕೆಯ ಕೆಲಸದವರಾದ ಕಾರಣ ಊರಿನ ಓಣಿ ಓಣಿಗಳನ್ನು ಕಾಲಿನಿಂದ ಅಳೆದವರು, ಅಷ್ಟೇ. ಆ ಅನುಭವದ ಬಲದಿಂದಲೇ ನಾಲ್ಕು ವಿಚಾರಗಳನ್ನು ತಮ್ಮ ಮುಂದೆ ಇಡುವೆವು.

ಸಮಿತಿಯ ಮುಂದೆ ಇರುವ ಕಾಗದಗಳು ಅನೇಕ. ಆದರೆ ಅವೆಲ್ಲವುಗಳ ಹೃದಯದಲ್ಲಿರುವ ಪ್ರಶ್ನೆ ಒಂದೇ. ಊರ ನಡುವೆ ನಮಗೆ ಉಳಿದಿರುವದು ಒಂದೇ ಒಂದು ಬಯಲು. ಅದನ್ನು ಏನು ಮಾಡಬೇಕು? ಬಯಲಿನ ಸುತ್ತಲೂ ಅಂಗಡಿಗಳ ಸಾಲನ್ನು ಕಟ್ಟಿ ಬಾಡಿಗೆಯಿಂದ ನಗರಸಭೆಯ ಬೊಕ್ಕಸವನ್ನು ತುಂಬಬೇಕೆಂಬುವರು ಕೆಲವರು. ನಟ್ಟನಡುವೆ ಭಾರಿಯಾದೊಂದು ಪ್ರತಿಮೆಯನ್ನು ನಿಲ್ಲಿಸಿ, ಸುತ್ತಲೂ ಕಬ್ಬಿಣದ ಬೇಲಿ ಹಾಕಿ, ಏಕೀಕರಣದ ಹೋರಾಟಗಾರರ ಸ್ಮಾರಕವೆಂದು ಹೆಸರಿಡಬೇಕೆಂಬುವರು ಮತ್ತೆ ಕೆಲವರು. ಬಯಲು ಬಯಲಾಗಿಯೇ ಇರಲೆಂಬುವರು ಉಳಿದವರು. ಮುಂಜಾವಿನಲ್ಲಿ ಅಲ್ಲಿ ಹುಡುಗರು ಚೆಂಡಾಡುತ್ತಾರೆ. ಸಂಜೆಗೆ ಕಟ್ಟೆಯ ಮೇಲೆ ಮುದುಕರು ಕೂಡ್ರುತ್ತಾರೆ. ಜಾತ್ರೆಗೆ ಬಂದ ಗಾಡಿಗಳು ಅಲ್ಲಿಯೇ ಬಿಡಾರ ಹೂಡುತ್ತವೆ. ಈ ಜನರಲ್ಲಿ ಯಾರೂ ಅರ್ಜಿ ಬರೆದು ಸಮಿತಿಗೆ ಕೊಟ್ಟಿಲ್ಲ. ಅವರ ಪರವಾಗಿ ಈ ಅರ್ಜಿಯನ್ನು ನಾವು ಬಾಯಿಂದ ಸಲ್ಲಿಸುತ್ತಿದ್ದೇವೆಂದು ತಿಳಿಯಿರಿ.

ಉದ್ಯಾನವು ಉಳ್ಳವರ ವಿಲಾಸವೆಂದೂ ಸ್ಮಾರಕವು ಸರಕಾರದ ಸಮಾರಂಭವೆಂದೂ ತಿಳಿಯುವದು ನಮ್ಮ ನಾಡಿನ ರೀತಿಯಲ್ಲ. ಕೆರೆಯನ್ನು ಕಟ್ಟಿಸುವದು, ಬಾವಿಯನ್ನು ತೋಡಿಸುವದು, ಸಾಲುಮರಗಳನ್ನು ನೆಡಿಸುವದು, ಅರವಟ್ಟಿಗೆಯನ್ನು ಇಡುವದು, ಇವು ನಮ್ಮ ಹಿರಿಯರು ಪುಣ್ಯವೆಂದು ಎಣಿಸಿದ ಕೆಲಸಗಳು. ಸತ್ತ ವೀರನನ್ನು ನೆನೆಯುವದಕ್ಕೆ ಅವರು ವೀರಗಲ್ಲನ್ನು ನಿಲ್ಲಿಸಿದರು. ಆಕಳ ಹಿಂಡನ್ನು ಬಿಡಿಸಲು ಹೋಗಿ ಮಡಿದ ಸಾಮಾನ್ಯನೂ ಆ ಕಲ್ಲಿನ ಮೇಲೆ ಅರಸನಷ್ಟೇ ಗೌರವದಿಂದ ನಿಂತಿದ್ದಾನೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಕ್ರಿ. ಶ. 890ರ ಸುಮಾರಿನ ಶಾಸನವು ಬೆಂಗಳೂರಿನ ಕಾಳಗವನ್ನು ಹೇಳುತ್ತದೆ. ಆ ನಗರದ ಹೆಸರನ್ನು ನಮ್ಮವರೆಗೆ ತಂದು ಮುಟ್ಟಿಸಿದ್ದು ಸತ್ತವರ ನೆನಪಿನ ಒಂದು ಕಲ್ಲು. ಇಂಥ ಕಲ್ಲುಗಳು ಕೆರೆಯ ಏರಿಯ ಮೇಲೆ, ಊರ ಬಾಗಿಲಲ್ಲಿ, ಗುಡಿಯ ಅಂಗಳದಲ್ಲಿ, ಎಂದರೆ ಜನರು ದಿನಾಲು ಓಡಾಡುವ ಎಡೆಯಲ್ಲಿ ನಿಂತಿವೆ. ನೀರಿಗೆ ಹೋದವಳೂ ದನ ಕಾಯುವವನೂ ಅವುಗಳನ್ನು ಕಂಡೇ ಮುಂದೆ ಸಾಗಬೇಕು. ಬದುಕಿನ ಜಾಗವೂ ನೆನಪಿನ ಜಾಗವೂ ಒಂದೇ ಆಗಿರಬೇಕೆಂಬ ಈ ತಿಳುವಳಿಕೆಯನ್ನು ನಾವು ಬಿಟ್ಟುಕೊಡಬಾರದು.

ಇನ್ನು ಈಚಿನ ಕಾಲಕ್ಕೆ ಬರೋಣ. ಬೆಂಗಳೂರಿನ ಲಾಲಬಾಗವನ್ನು 1760ರ ಸುಮಾರಿಗೆ ಹೈದರಾಲಿಯು ಆರಂಭಿಸಿದನು, ಟೀಪುವು ಬೆಳೆಯಿಸಿದನು. ಅರಸರ ತೋಟವಾಗಿದ್ದ ಅದು 1856ರಲ್ಲಿ ಸರಕಾರದ ಸಸ್ಯೋದ್ಯಾನವಾಯಿತು. 1889ರಲ್ಲಿ ಅಸ್ತಿಭಾರ ಬಿದ್ದ ಅಲ್ಲಿಯ ಗಾಜಿನ ಮನೆಯಲ್ಲಿ ಇಂದಿಗೂ ಗಣರಾಜ್ಯೋತ್ಸವಕ್ಕೆ ಒಮ್ಮೆ, ಸ್ವಾತಂತ್ರ್ಯೋತ್ಸವಕ್ಕೆ ಒಮ್ಮೆ ಫಲಪುಷ್ಪ ಪ್ರದರ್ಶನವು ನಡೆಯುತ್ತದೆ. ದೇಶದ ಎರಡು ದೊಡ್ಡ ದಿನಗಳನ್ನು ಜನರು ಹೂವಿನ ನಡುವೆ, ಮಕ್ಕಳ ಕೈ ಹಿಡಿದು ನೆನೆಯುವರು. ಸ್ಮರಣೆಗೂ ವಿಹಾರಕ್ಕೂ ವಿರೋಧವಿಲ್ಲವೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಕಬ್ಬನ್ ಪಾರ್ಕಿನ ಕಥೆಯಿಂದ ಇನ್ನೊಂದು ಪಾಠವನ್ನು ಕಲಿಯಬಹುದು. 1870ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರನಾದ ಸ್ಯಾಂಕಿಯು ಅದನ್ನು ರೂಪಿಸಿದಾಗ ಅದಕ್ಕೆ ಮೀಡ್ ಎಂಬ ಅಧಿಕಾರಿಯ ಹೆಸರಿತ್ತು. ಮುಂದೆ ಅದು ಕಬ್ಬನ್ನನ ಹೆಸರನ್ನು ಪಡೆಯಿತು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಸಮಯದಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣವಾಯಿತು. ಆದರೂ ಜನರ ಬಾಯಲ್ಲಿ ಉಳಿದಿರುವ ಹೆಸರು ಯಾವದೆಂದು ತಮಗೆ ಗೊತ್ತೇ ಇದೆ. ಹೆಸರನ್ನು ಫಲಕದ ಮೇಲೆ ಬರೆಯುವದು ಸುಲಭ. ನಾಲಗೆಯ ಮೇಲೆ ಬರೆಯುವದು ಸುಲಭವಲ್ಲ. ಆದ ಕಾರಣ ಯಾರ ಹೆಸರಿಡಬೇಕೆಂಬ ಜಗಳದಲ್ಲಿ ಸಮಿತಿಯು ತನ್ನ ಸಮಯವನ್ನೆಲ್ಲ ಕಳೆಯದೆ, ಆ ಹೆಸರಿನವರ ಗುಣವು ಆ ಜಾಗದಲ್ಲಿ ಹೇಗೆ ಕಾಣಬೇಕೆಂಬದನ್ನು ಮೊದಲು ವಿಚಾರಿಸಬೇಕು.

ಬಯಲನ್ನು ಕಾಯುವದು ನಗರಸಭೆಯ ಉದಾರತೆಯೂ ಅಲ್ಲ, ಉಪಕಾರವೂ ಅಲ್ಲ, ಅದು ಕರ್ತವ್ಯ. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರಸಭೆಗಳಿಗೆ ಒಪ್ಪಿಸಬಹುದಾದ 18 ವಿಷಯಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಎಣಿಸಿದೆ. ಉಪವನ, ತೋಟ, ಆಟದ ಬಯಲುಗಳು ಅವುಗಳಲ್ಲಿ ಒಂದು. ಉದ್ಯಾನ, ಆಟದ ಮೈದಾನ ಹಾಗು ತೆರೆದ ಜಾಗಗಳ ರಕ್ಷಣೆಗೆಂದೇ ನಮ್ಮ ರಾಜ್ಯದಲ್ಲಿ 1985ರ ಕಾಯದೆಯೊಂದಿದೆ. ಬೆಂಗಳೂರಿನ ಅಭಿವೃದ್ಧಿ ಪ್ರಾಧಿಕಾರದ ಕಾಯದೆಯಂತೂ ಹೊಸ ಬಡಾವಣೆಯ ನೂರು ಭಾಗ ಭೂಮಿಯಲ್ಲಿ 15 ಭಾಗಕ್ಕೆ ಕಡಿಮೆಯಾಗದಂತೆ ಉದ್ಯಾನಕ್ಕೂ ಆಟದ ಬಯಲಿಗೂ ಮೀಸಲಿಡಬೇಕೆಂದು ವಿಧಿಸಿದೆ.

ಕಾಯದೆಯಿದ್ದರೆ ಸಾಲದು, ಕಾಯುವವರು ಬೇಕು. ಬೆಂಗಳೂರಿನ ರಾಜಮಹಲ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿಯವರ ಶುಶ್ರೂಷಾಲಯಕ್ಕೆ ಕೊಡಲಾಯಿತು. ಶುಶ್ರೂಷಾಲಯವು ಒಳ್ಳೆಯದೇ ಅಲ್ಲವೆ ಎಂದು ಹೇಳಿದವರೂ ಇದ್ದರು. ಆದರೆ ಅಲ್ಲಿಯ ನಿವಾಸಿಗಳು ಸುಮ್ಮನಿರಲಿಲ್ಲ. ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದರು. ಕೊನೆಗೆ 1991ರಲ್ಲಿ ಸುಪ್ರೀಂ ಕೋರ್ಟು, ಉದ್ಯಾನಕ್ಕೆ ಮೀಸಲಾದ ಭೂಮಿಯನ್ನು ಹಾಗೆ ಬೇರೆಯವರಿಗೆ ಕೊಡುವದು ಸಲ್ಲದೆಂದು ತೀರ್ಪಿತ್ತಿತು. ಒಳ್ಳೆಯ ಕೆಲಸದ ಹೆಸರಿನಲ್ಲಿಯೂ ಬಯಲು ಕರಗಬಾರದೆಂಬದು ಇದರ ತಾತ್ಪರ್ಯ. ಅಂಗಡಿಯ ಬಾಡಿಗೆಯ ಲೆಕ್ಕವನ್ನು ಮಾತ್ರ ತೋರಿಸುವವರು ಈ ಮಾತನ್ನು ಮನನ ಮಾಡಲಿ. ಒಮ್ಮೆ ಕಟ್ಟಿದ ಅಂಗಡಿಯನ್ನು ಕೆಡವಿ ಬಯಲು ಮಾಡಿದ ನಗರಸಭೆಯನ್ನು ನಾವಂತೂ ಕಂಡಿಲ್ಲ.

ಇನ್ನು ಪ್ರತಿಮೆಯ ವಿಷಯ. ನಾವು ಪ್ರತಿಮೆಯ ವೈರಿಗಳಲ್ಲ. ಕಿತ್ತೂರ ಚೆನ್ನಮ್ಮನ ಮೂರ್ತಿಯನ್ನು ಕಂಡು ಎದೆಯುಬ್ಬದ ಕನ್ನಡಿಗನಿಲ್ಲ. ಆದರೆ ಪ್ರತಿಮೆಯೊಂದೇ ಸ್ಮಾರಕವಲ್ಲ. ರಸ್ತೆ, ಕಾಲುದಾರಿ ಮೊದಲಾದ ಸಾರ್ವಜನಿಕ ಉಪಯೋಗದ ಜಾಗಗಳಲ್ಲಿ ಹೊಸ ಪ್ರತಿಮೆಗಳಿಗೆ ಅನುಮತಿಯನ್ನು ಕೊಡಬಾರದೆಂದು ಸುಪ್ರೀಂ ಕೋರ್ಟು 2013ರ ಜನವರಿಯಲ್ಲಿ ರಾಜ್ಯಗಳಿಗೆ ಅಪ್ಪಣೆ ಮಾಡಿದ್ದನ್ನೂ ಸಮಿತಿಯು ಲಕ್ಷ್ಯದಲ್ಲಿ ಇಡಬೇಕು. ಹಾಗಾದರೆ ಬೇರೆ ದಾರಿ ಯಾವದು? ನಮ್ಮ ನಾಡಿನಲ್ಲಿಯೇ ಉತ್ತರಗಳಿವೆ.

ನಂದಗಡಕ್ಕೆ ಹೋಗಿ ನೋಡಿರಿ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಆತನ ಸಮಾಧಿಯ ಬಳಿಯ ಆಲದ ಮರವು ಆತನ ಗೆಳೆಯನು ನೆಟ್ಟದ್ದೆಂದು ಜನ ಹೇಳುವರು. ಆ ಮರದ ನೆರಳಿನಲ್ಲಿ ಕೂತವನಿಗೆ ರಾಯಣ್ಣನ ಕಥೆಯನ್ನು ಬೇರೆ ಯಾರೂ ಹೇಳಬೇಕಾಗಿಲ್ಲ.

ಬೆಳಗಾವಿಗೆ ಹೋಗಿರಿ. 1924ರ ಡಿಸೆಂಬರದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನವು ಅಲ್ಲಿ ನೆರೆದಾಗ, ಬಂದ ಜನಕ್ಕೆ ನೀರಿಗಾಗಿ ಬಾವಿಯನ್ನು ತೋಡಿ ಅದಕ್ಕೆ ಪಂಪಾ ಸರೋವರವೆಂದೂ ಅಧಿವೇಶನದ ನಗರಕ್ಕೆ ವಿಜಯನಗರವೆಂದೂ ಹೆಸರಿಟ್ಟರು. ಆ ದಿನಗಳಲ್ಲಿ ಅಲ್ಲಿಯೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲನೆಯ ಕರ್ನಾಟಕ ಏಕೀಕರಣ ಪರಿಷತ್ತು ನಡೆಯಿತು. ಮಂಟಪಗಳು ಹೋದವು, ತೋರಣಗಳು ಒಣಗಿದವು, ಬಾವಿ ಉಳಿಯಿತು. ಜನರಿಗೆ ಉಪಯೋಗವಾಗಲೆಂದು ಮಾಡಿದ್ದೇ ಕಡೆಗೆ ಸ್ಮಾರಕವಾಯಿತು.

ಬೆಂಗಳೂರಿನ ಹಳೆಯ ಸೆರೆಮನೆಯ ಸಂಗತಿಯೂ ಮನನೀಯವಾದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಆ ಸೆರೆಮನೆಯಲ್ಲಿ 1975ರ ತುರ್ತುಪರಿಸ್ಥಿತಿಯ ಕಾಲಕ್ಕೆ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಇಟ್ಟಿದ್ದರು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಆ ಭೂಮಿಯ ಬೆಲೆ ಎಷ್ಟಿತ್ತೆಂಬದನ್ನು ಊಹಿಸಿಕೊಳ್ಳಿರಿ. ಆದರೂ ಅದನ್ನು ಮಾರಲಿಲ್ಲ. ಕಾವಲು ಗೋಪುರವನ್ನೂ ಕೆಲವು ಕೋಣೆಗಳನ್ನೂ ಉಳಿಸಿಕೊಂಡು 2008ರಲ್ಲಿ ಸ್ವಾತಂತ್ರ್ಯ ಉದ್ಯಾನವೆಂದು ತೆರೆದರು. ಈಗ ಅಲ್ಲಿ ಹುಲ್ಲಿನ ಮೇಲೆ ಮಕ್ಕಳು ಓಡುವರು. ಒಂದು ಪಕ್ಕದಲ್ಲಿ ಜನರು ಕೂಡಿ ತಮ್ಮ ಅಹವಾಲನ್ನು ಸರಕಾರಕ್ಕೆ ಕೂಗಿ ಹೇಳುವರು. ಬಾಯಿಗೆ ಬೀಗ ಹಾಕಿದ ಜಾಗದಲ್ಲಿಯೇ ಬಾಯಿ ಬಿಚ್ಚಿ ಮಾತಾಡುವದಕ್ಕೆ ಎಡೆ ಸಿಕ್ಕಿತು. ಇದಕ್ಕಿಂತ ಅರ್ಥವತ್ತಾದ ಸ್ಮಾರಕ ಯಾವದು?

ನಮ್ಮ ಊರಿನ ಯೋಜನೆಯಲ್ಲಿ ಏಕೀಕರಣದ ಸ್ಮಾರಕವು ಇರಲೇಬೇಕು. ಅದರಲ್ಲಿ ಎರಡನೆಯ ಮಾತಿಲ್ಲ. ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರು 1956ರ ನವಂಬರ 1ರಂದು ಒಂದು ಮನೆಯವರಾದದ್ದು ತಾನಾಗಿ ಆದದ್ದಲ್ಲ. ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿ ಮಲಗಿದವರನ್ನು ಎಬ್ಬಿಸಿದರು. 1953ರಲ್ಲಿ ಅದರಗುಂಚಿಯ ಶಂಕರಗೌಡರು ಉಪವಾಸ ಕೂತರು. ಅದೇ ವರ್ಷ ಬಳ್ಳಾರಿಯು ಮೈಸೂರಿಗೆ ಸೇರುವ ಸಮಾರಂಭದ ಮಂಟಪವನ್ನು ಕಾಯುತ್ತಿದ್ದ ಪೈಲವಾನ ರಂಜಾನ ಸಾಹೇಬನು ಆಮ್ಲದ ದಾಳಿಗೆ ತುತ್ತಾಗಿ ಪ್ರಾಣವನ್ನು ಒಪ್ಪಿಸಿದನು.

ಈ ರಂಜಾನ ಸಾಹೇಬನ ಮೇಲೆ ಕ್ಷಣಹೊತ್ತು ಮನಸ್ಸನ್ನು ನಿಲ್ಲಿಸಿರಿ. ಆತನು ಗ್ರಂಥ ಬರೆದವನಲ್ಲ, ಪರಿಷತ್ತುಗಳ ಅಧ್ಯಕ್ಷನಲ್ಲ. ಗರಡಿಯ ಮಣ್ಣಿನಲ್ಲಿ ಬೆಳೆದ ಮೈಯನ್ನು ಕನ್ನಡದ ಚಪ್ಪರಕ್ಕೆ ಕಾವಲಾಗಿ ನಿಲ್ಲಿಸಿದವನು. ಇಂಥವನಿಗೆ ತಕ್ಕ ಸ್ಮಾರಕ ಯಾವದು? ಬೇಲಿಯೊಳಗಿನ ಕಲ್ಲೇ, ಬಡವರ ಹುಡುಗರು ಸಂಜೆಗೆ ಇಳಿದು ಸಾಮು ಮಾಡುವ ಒಂದು ಗರಡಿಯ ಮನೆಯೇ? ಬಾಗಿಲ ಮೇಲೆ ಆತನ ಹೆಸರಿರಲಿ, ಒಳಗೆ ಕೆಮ್ಮಣ್ಣಿರಲಿ. ಅದೇ ರೀತಿಯಲ್ಲಿ ಆಲೂರರ ಹೆಸರಿನಲ್ಲಿ ನೆರಳಿರುವ ಒಂದು ವಾಚನಾಲಯವಿರಲಿ. ಏಕೀಕರಣಕ್ಕಾಗಿ ದುಡಿದ ನಮ್ಮ ಊರಿನವರ ಹೆಸರುಗಳನ್ನು ಒಂದು ಗೋಡೆಯ ಮೇಲೆ ಕನ್ನಡದಲ್ಲಿ, ತಪ್ಪಿಲ್ಲದೆ ಕೆತ್ತಿಸಿರಿ. ಆ ಗೋಡೆಯು ಮಕ್ಕಳು ಒರಗಿ ನಿಲ್ಲುವಷ್ಟು ಕೆಳಗಿರಲಿ.

ಈಗ ಸಮಿತಿಗೆ ನಮ್ಮ ಸೂಚನೆಗಳನ್ನು ಸಂಕ್ಷೇಪವಾಗಿ ಹೇಳುವೆವು. ಮೊದಲನೆಯದಾಗಿ, ಬಯಲಿನ ಎಲ್ಲೆಯನ್ನು ಅಳೆಸಿ, ನಕ್ಷೆಯನ್ನು ನಗರಸಭೆಯ ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ತೂಗಹಾಕಿರಿ. ಎಲ್ಲೆ ಗೊತ್ತಿಲ್ಲದ ಭೂಮಿ ವರ್ಷಕ್ಕೊಂದು ಮೊಳ ಸವೆಯುತ್ತದೆ. ಎರಡನೆಯದಾಗಿ, ಬಯಲಿನ ದೊಡ್ಡ ಭಾಗವನ್ನು ಆಟಕ್ಕೆ ಬರಿದಾಗಿಯೇ ಬಿಡಿರಿ; ಅಂಚಿನಲ್ಲಿ ಮಾತ್ರ ಹೊಂಗೆ, ಬೇವು, ಮಾವು, ನೇರಳೆಗಳನ್ನು ನೆಡಿರಿ. ಹುಲಿಕಲ್ಲು-ಕುದೂರುಗಳ ನಡುವೆ ಸಾಲುಮರದ ತಿಮ್ಮಕ್ಕನು ಕೊಡದಿಂದ ನೀರು ಹೊತ್ತು ಆಲದ ಮರಗಳನ್ನು ಸಾಕಿದ್ದನ್ನು ನೆನೆದರೆ, ನೀರಿನ ನಳವಿರುವ ನಗರಸಭೆಗೆ ಇದು ಅಸಾಧ್ಯವೆನ್ನಲು ನಾಚಿಕೆಯಾಗಬೇಕು. ಮೂರನೆಯದಾಗಿ, ಹೆಂಗಸರಿಗಾಗಿ ಚೊಕ್ಕವಾದ ಶೌಚಗೃಹ, ಸಂಜೆಯ ದೀಪ, ಕುಡಿಯುವ ನೀರು ಇವುಗಳನ್ನು ಪ್ರತಿಮೆಗಿಂತ ಮೊದಲು ಮಾಡಿರಿ. ಇವಿಲ್ಲದ ಉದ್ಯಾನವು ಊರಿನ ಅರ್ಧ ಜನಕ್ಕೆ ಬಾಗಿಲು ಮುಚ್ಚಿದ ಉದ್ಯಾನ. ಗಾಲಿಕುರ್ಚಿಯಲ್ಲಿ ಬರುವವರಿಗೂ ಕೋಲೂರಿ ಬರುವವರಿಗೂ ಮೆಟ್ಟಿಲಿಲ್ಲದ ದಾರಿಯಿರಲಿ. ನಾಲ್ಕನೆಯದಾಗಿ, ಉದ್ಘಾಟನೆಯ ವೆಚ್ಚವನ್ನು ಕಡಿಮೆ ಮಾಡಿ, ಮಾಲಿಯ ಸಂಬಳವನ್ನು ಮುಂಗಡಪತ್ರದಲ್ಲಿ ಪ್ರತಿವರ್ಷ ಬೇರೆಯಾಗಿ ತೆಗೆದಿರಿಸಿರಿ. ರಿಬ್ಬನ್ನು ಕತ್ತರಿಸುವ ಕೈಗಳು ಅನೇಕ. ಗಿಡಕ್ಕೆ ನೀರೆರೆಯುವ ಕೈ ಒಂದೇ.

ಹಣವಿಲ್ಲವೆಂಬ ಮಾತು ಬರುವದು. ನಗರಸಭೆಯ ಬೊಕ್ಕಸ ಬಡವಾಗಿರುವದು ನಮಗೂ ತಿಳಿದ ಸಂಗತಿ. ಆದರೆ ನಾವು ಕೇಳಿದ್ದರಲ್ಲಿ ಹಣವನ್ನು ಬೇಡುವದು ಸ್ವಲ್ಪ. ಮನಸ್ಸನ್ನು ಬೇಡುವದು ಹೆಚ್ಚು. ಭಾರಿ ಪ್ರತಿಮೆಗೆ ವಂತಿಗೆ ಕೂಡಿಸಲು ಮನೆ ಮನೆಗೆ ಹೋಗಲು ಸಿದ್ಧರಾದ ನಮ್ಮ ತರುಣರು ಗರಡಿಯ ಮನೆಗೂ ವಾಚನಾಲಯಕ್ಕೂ ಅದೇ ಉತ್ಸಾಹದಿಂದ ಹೋಗಲಿ. ಅವರ ಸಂಗಡ ಜೋಳಿಗೆ ಹಿಡಿಯಲು ನಾವೂ ಬರುವೆವು.

ಸದಸ್ಯ ಮಹಾಶಯರೇ, ಒಂದಾದ ನಾಡು ಎಂದರೆ ನಕ್ಷೆಯ ಮೇಲೆ ಎಳೆದ ಗೆರೆಯಷ್ಟೇ ಅಲ್ಲ. ಬೇರೆ ಬೇರೆ ಓಣಿಯವರು, ಬೇರೆ ಬೇರೆ ಮತದವರು, ಉಳ್ಳವರು-ಇಲ್ಲದವರು ಹಣ ಕೊಡದೆ, ಅಪ್ಪಣೆ ಕೇಳದೆ ಸರಿಸಮನಾಗಿ ಕೂಡ್ರುವ ಜಾಗವು ಪ್ರತಿಯೊಂದು ಊರಿನಲ್ಲಿಯೂ ಇದ್ದಾಗಲೇ ನಾಡು ಒಂದಾಯಿತೆನ್ನಬೇಕು. ಅಂಥ ಜಾಗವು ನಮ್ಮಲ್ಲಿ ಒಂದೇ ಉಳಿದಿದೆ. ಅದನ್ನು ಬೆಳೆಯಿಸುವ ಕೀರ್ತಿಯಾಗಲಿ, ಕಳೆದ ಅಪಕೀರ್ತಿಯಾಗಲಿ ಈ ಸಮಿತಿಯ ಪಾಲಿಗೆ ಬರಲಿದೆ. ಮೊದಲನೆಯದೇ ತಮ್ಮದಾಗಲೆಂದು ಹಾರೈಸುವೆವು.