ಆಟಕ್ಕೆ ಕೈಪಿಡಿ ಬೇಕೇ?



ಶಿಕ್ಷಕನೊಬ್ಬ ವಿಡಿಯೋ ಗೇಮ್ ಬಗ್ಗೆ ಮಾತನಾಡುತ್ತಾನೆಂದರೆ ‘ಆಡಬೇಡಿ’ ಎಂಬ ಉಪದೇಶವೇ ಇರಬೇಕೆಂದು ನೀವು ಭಾವಿಸಬಹುದು. ಇಂದಿನ ವಿಷಯ ಅದಲ್ಲ. ಬುದ್ಧಿ ಬಳಸಿ ಆಡುವ ತಂತ್ರದ ಆಟಗಳಿಗೆ ಅವುಗಳ ಒಳಲೆಕ್ಕವನ್ನು ವಿವರಿಸುವ ಕೈಪಿಡಿ ಬೇಕೇ, ಬೇಡವೇ?

ನಾನು ಹೈಸ್ಕೂಲಿನಲ್ಲಿದ್ದಾಗ ಹಂಪನಕಟ್ಟೆಯ ಸೈಬರ್ ಕೆಫೆಯೊಂದರಲ್ಲಿ ಗಂಟೆಗಿಷ್ಟೆಂದು ಹಣ ಕೊಟ್ಟು 1999ರ ‘ಏಜ್ ಆಫ್ ಎಂಪೈರ್ಸ್ 2’ ಆಡುತ್ತಿದ್ದೆವು. ಕಂಪ್ಯೂಟರಿನಲ್ಲಿ ಆಟವಿತ್ತು, ಕೈಪಿಡಿ ಇರಲಿಲ್ಲ. ನನ್ನ ದುಬಾರಿ ಕುದುರೆ ಸವಾರರು ಅಗ್ಗದ ಈಟಿಗಾರರ ಮುಂದೆ ಸತ್ತುಹೋಗುತ್ತಿದ್ದರು. ಕಂಪ್ಯೂಟರ್ ಮೋಸ ಮಾಡುತ್ತಿದೆ ಎಂದೇ ನಂಬಿದ್ದೆ. ಈಟಿಗಾರನ ಏಟಿಗೆ ಕುದುರೆಯ ವಿರುದ್ಧ ಹೆಚ್ಚುವರಿ ಬಲವಿದೆ ಎಂದು ಕಾಲೇಜು ಹುಡುಗನೊಬ್ಬ ಹೇಳಿದ ಮೇಲೆಯೇ ನನ್ನ ಸೋಲು ಪಾಠವಾಯಿತು. ಅಂದು ಆತ ಪಕ್ಕದಲ್ಲಿ ಕೂರದೆ ಇದ್ದಿದ್ದರೆ?

ನಮ್ಮ ಊರಿನ ಚೆನ್ನೆಮಣೆಗೆ ಕೈಪಿಡಿ ಇಲ್ಲವಲ್ಲ ಎಂದು ನೀವು ಕೇಳಬಹುದು. ನಿಜ. 14 ಗುಳಿ, ಒಂದೊಂದಕ್ಕೆ 4 ಕಾಯಿ, ಒಟ್ಟು 56. ಆಟಿ ತಿಂಗಳ ಮಳೆಯಲ್ಲಿ ಅಜ್ಜಿಯೊಡನೆ ನಾಲ್ಕು ಸಲ ಆಡಿದರೆ ಮಗುವಿಗೆ ಬಂದುಬಿಡುತ್ತದೆ. ಅಲ್ಲಿ ಪ್ರತಿ ಕಾಯಿಯನ್ನೂ ಆಡುವವರ ಕೈಯೇ ಹಂಚುತ್ತದೆ. ನಿಯಮವೆಲ್ಲ ಕಣ್ಣೆದುರಿಗೇ ನಡೆಯುತ್ತದೆ. ಕಂಪ್ಯೂಟರಿನಲ್ಲಿ ಕೂಡಿ ಕಳೆಯುವುದು ಯಂತ್ರ. ನಮಗೆ ಕಾಣುವುದು ಫಲಿತಾಂಶ ಮಾತ್ರ. ಲೆಕ್ಕ ಮರೆಯಾದಲ್ಲಿ ಬರಹ ಬೇಕಾಗುತ್ತದೆ.

1991ರ ‘ಸಿವಿಲೈಸೇಷನ್’ ಆಟದ ಪೆಟ್ಟಿಗೆಯಲ್ಲಿ 100ಕ್ಕೂ ಹೆಚ್ಚು ಪುಟಗಳ ಪುಸ್ತಕವಿತ್ತು. ಆಟದೊಳಗೇ ಒಂದು ವಿಶ್ವಕೋಶವೂ ಇತ್ತು. 2010ರಲ್ಲಿ ಯೂಬಿಸಾಫ್ಟ್ ಕಂಪೆನಿ ಕಾಗದದ ಕೈಪಿಡಿ ಕೈಬಿಡುವುದಾಗಿ ಪ್ರಕಟಿಸಿತು. ಕಾಗದ ಹೋದರೆ ಚಿಂತೆಯಿಲ್ಲ, ಪರದೆಯ ಮೇಲಿದ್ದರೂ ಸಾಕು, ವಿವರಣೆಯೇ ಹೋಗಬಾರದು. ‘ಯೂಟ್ಯೂಬ್ ಇದೆಯಲ್ಲ ಸರ್’ ಎನ್ನುತ್ತೀರಿ. ಗೆದ್ದವನು ಏನು ಮಾಡಿದ ಎಂಬುದು ಅಲ್ಲಿ ಸುಲಭವಾಗಿ ಸಿಗುತ್ತದೆ. ಅದನ್ನು ನಕಲು ಮಾಡಬಹುದು. ಏಕೆ ಗೆದ್ದ ಎಂಬುದು ತಿಳಿದರೆ ಮಾತ್ರ ನಿಮ್ಮದೇ ದಾರಿ ಹುಡುಕಬಹುದು.

ಹಾಗೆಂದು ಕೈಪಿಡಿ ಎಲ್ಲವನ್ನೂ ಹೇಳಿಬಿಡಬಾರದು. ಅಬ್ಬಾಸೀ ಖಲೀಫರ ಕಾಲದಲ್ಲಿ, 9 ಮತ್ತು 10ನೇ ಶತಮಾನಗಳಲ್ಲಿ, ಅಲ್-ಅದ್ಲಿ ಮತ್ತು ಅಸ್-ಸೂಲಿ ಶತ್ರಂಜ್ ಆಟದ ಬಗ್ಗೆ ಗ್ರಂಥಗಳನ್ನು ಬರೆದರು. ಬಿಡಿಸಲೆಂದು ಜೋಡಿಸಿಟ್ಟ ಶತ್ರಂಜ್ ಸಮಸ್ಯೆಗೆ ‘ಮನ್ಸೂಬಾ’ ಎಂದು ಹೆಸರು. ಉರ್ದುವಿನಲ್ಲಿ ಇದೇ ಪದಕ್ಕೆ ಯೋಜನೆ ಎಂಬ ಅರ್ಥ. ನಿಯಮ ತಿಳಿಸುವುದು ಪುಸ್ತಕದ ಕೆಲಸ. ಮನ್ಸೂಬಾ ಹೂಡುವುದು ನಿಮ್ಮ ಕೆಲಸ.

ಕೊನೆಗೆ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಒಮ್ಮೆ ಕನ್ನಡ ಪ್ರಬಂಧಕ್ಕೆ ಹತ್ತರಲ್ಲಿ ನಾಲ್ಕು ಅಂಕ ಪಡೆದ ವಿದ್ಯಾರ್ಥಿನಿ, ‘ಸರ್, ಎಲ್ಲಿ ಕಡಿಮೆಯಾಯಿತು?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಸೈಬರ್ ಕೆಫೆಯ ಆ ಕಂಪ್ಯೂಟರಿನಂತೆ ನಾನೂ ಲೆಕ್ಕ ಮುಚ್ಚಿಟ್ಟು ಫಲಿತಾಂಶ ಮಾತ್ರ ತೋರಿಸಿದ್ದೆ. ಅಂದಿನಿಂದ ವಿಷಯಕ್ಕೆಷ್ಟು, ಭಾಷೆಗೆಷ್ಟು, ಕಾಗುಣಿತಕ್ಕೆಷ್ಟು ಎಂದು ಮೊದಲೇ ಬೋರ್ಡಿನಲ್ಲಿ ಬರೆಯುತ್ತೇನೆ.

ಮನೆಯಲ್ಲಿ ಓದಿದ ಅಣ್ಣ, ಅಕ್ಕ ಇರುವ ಮಗುವಿಗೆ ಯಾರಾದರೂ ಗುಟ್ಟು ಹೇಳಿಕೊಡುತ್ತಾರೆ. ಮನೆಯಲ್ಲಿ ಮೊದಲ ಬಾರಿಗೆ ಶಾಲೆ ಕಂಡ ಮಗುವಿಗೆ ಬರೆದಿಟ್ಟ ನಿಯಮವೇ ಅಣ್ಣ, ಅದೇ ಅಕ್ಕ. ವಿದ್ಯಾರ್ಥಿಗಳೇ, ಆಟದಲ್ಲಾಗಲಿ ಪರೀಕ್ಷೆಯಲ್ಲಾಗಲಿ ಸೋತರೆ ನಾಚಬೇಡಿ. ಏಕೆ ಸೋತೆ ಎಂದು ಕೇಳಿ. ಹಿರಿಯರೇ, ಅವರು ಕೇಳಿದಾಗ ಉತ್ತರ ಸಿದ್ಧವಿಟ್ಟುಕೊಳ್ಳೋಣ.