ಬೂಷ್ಟು ಹಿಡಿದ ಗೋವಿನಜೋಳ

ಹಳಿಯಾಳ, ಮುಂಡಗೋಡ ಕಡೆ ಗೋವಿನಜೋಳದ ಕೊಯ್ಲಿನಲ್ಲಿ ಒಮ್ಮೊಮ್ಮೆ ಮಳೆ ಹಿಡಿಯುತ್ತದೆ. ಹಸಿ ಕಾಳನ್ನೇ ಚೀಲಕ್ಕೆ ತುಂಬಿದರೆ ಹಳದಿ-ಹಸಿರು ಬೂಷ್ಟು ಬರುತ್ತದೆ. ಅದರಲ್ಲಿ ಹುಟ್ಟುವ ವಿಷವೇ ಅಫ್ಲಾಟಾಕ್ಸಿನ್. 1974ರಲ್ಲಿ ಗುಜರಾತ, ರಾಜಸ್ಥಾನದ ಹಳ್ಳಿಗಳಲ್ಲಿ ಇಂಥ ಗೋವಿನಜೋಳ ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು.

“ಸ್ವಲ್ಪ ತಿಂದರ ಏನಾಗ್ತೈತಿ?” ಅನ್ನಬೇಡಿರಿ. ಈ ವಿಷವನ್ನು ಹೊರಹಾಕಲು ಹೋಗಿ ನಮ್ಮ ಯಕೃತ್ತು, ಎಂದರೆ ಲಿವರು, ಅದನ್ನು ಇನ್ನೂ ಉಗ್ರ ಮಾಡಿಬಿಡುತ್ತದೆ. ವರ್ಷಗಟ್ಟಲೆ ತಿಂದರೆ ಅಲ್ಲಿಯೇ ಕ್ಯಾನ್ಸರ್ ಆಗಬಹುದು. ಬೇಯಿಸಿದರೂ ವಿಷ ಪೂರ್ತಿ ಹೋಗದು. ದನಕ್ಕೆ ಹಾಕಿದರೆ ಹಾಲಿಗೆ ಇಳಿಯುತ್ತದೆ.

ಆದ್ದರಿಂದ ಕಾಳು ಕಟಕ್ಕೆಂದು ಒಡೆಯುವಷ್ಟು ಒಣಗಿಸಿರಿ. ಚೀಲಗಳನ್ನು ಹಲಗೆಯ ಮೇಲಿಡಿರಿ. ಬೂಷ್ಟು ಬಂದದ್ದನ್ನು ಕೋಳಿಗೂ ಹಾಕದೆ ಹೂಳಿಬಿಡಿರಿ.